ಎರಡು ಗೇಲಿ, ಒಂದು ಮೊಕದ್ದಮೆ: ಮಾಟುಂಗದಲ್ಲಿ ಕುಳಿತು ನೋಡಿದ ‘ಓಂ ಶಾಂತಿ ಓಂ’

ಫರಾ ಖಾನ್ ನಿರ್ದೇಶಿಸಿದ ‘ಓಂ ಶಾಂತಿ ಓಂ’ 2007ರ ನವೆಂಬರ್ 9ರಂದು, ದೀಪಾವಳಿಯ ಹೊತ್ತಿಗೆ, ತೆರೆ ಕಂಡಿತು. ಪ್ರೇಮ, ಹಾಸ್ಯ, ಕೊಲೆ, ಪುನರ್ಜನ್ಮ, ಸೇಡು ಇವೆಲ್ಲವನ್ನೂ ಹೊತ್ತ ಈ ಚಿತ್ರ, ಮುಂಬೈಯ ಹಿಂದಿ ಚಿತ್ರೋದ್ಯಮ ತನ್ನನ್ನು ತಾನೇ ಗೇಲಿ ಮಾಡಿಕೊಂಡ ಚಿತ್ರವೆಂದು ಇಂದಿಗೂ ನೆನಪಿನಲ್ಲಿದೆ. ಈ ಬರಹದ ಪರಿಶೀಲನೆಗೆ ಒಳಗಾಗುವುದು ಚಿತ್ರದ ಮೊದಲರ್ಧದಲ್ಲಿ ಬರುವ ಎರಡು ಗೇಲಿಗಳು ಮಾತ್ರ. ಮೊದಲನೆಯದಕ್ಕೆ ಗುರಿಯಾದವರು ಹಿರಿಯ ನಟ ಮನೋಜ್ ಕುಮಾರ್. ಅವರು ನ್ಯಾಯಾಲಯದ ಮೆಟ್ಟಿಲೇರಿದರು, ಆ ದೃಶ್ಯಕ್ಕೆ ಕತ್ತರಿ ಬಿತ್ತು. ಎರಡನೆಯದಕ್ಕೆ ಗುರಿಯಾದವನು ‘ಮದ್ರಾಸಿ’ ಸೂಪರ್‌ಸ್ಟಾರ್ ಎಂಬ ಹೆಸರಿಲ್ಲದ ಒಂದು ಕಲ್ಪನೆ; ಆ ದೃಶ್ಯ ಹಾಗೆಯೇ ಉಳಿಯಿತು, ಅದರ ಮಾತುಗಳು ಜನರ ಬಾಯಲ್ಲೂ ಉಳಿದವು. ಒಂದೇ ಚಿತ್ರದ ಎರಡು ಗೇಲಿಗಳ ಹಣೆಬರಹ ಇಷ್ಟು ಬೇರೆಬೇರೆಯಾದದ್ದೇಕೆ ಎಂಬುದು ಇಲ್ಲಿನ ಪ್ರಶ್ನೆ.

ಪ್ರಶ್ನೆ ಎದ್ದದ್ದು ಮುಂಬೈಯ ಮಾಟುಂಗದ ಒಂದು ಮನೆಯ ಹಜಾರದಲ್ಲಿ. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳಂಥ ಹಳೆಯ ಸಂಸ್ಥೆಗಳಿರುವ ಈ ಭಾಗದಲ್ಲಿ ಕನ್ನಡಿಗರ ಸಣ್ಣಪುಟ್ಟ ಕೂಟಗಳಿಗೆ ಎಂದೂ ಕೊರತೆಯಿಲ್ಲ. ಅಂಥದೊಂದು ಕೂಟ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಒಂದು ಚಿತ್ರ ನೋಡಿ, ಊಟ ಮಾಡಿ, ಮಾತಾಡಿ ಚದುರುತ್ತದೆ. ಆ ದಿನ ಮಾತಿಗೆ ಮುಖ್ಯರಾದವರು ನಾಲ್ವರು: ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಬಂದು, ಟೇಬಲ್ ಒರೆಸುತ್ತ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಸ್ವಂತ ಹೋಟೆಲು ನಡೆಸಿದ ಹಿರಿಯರೊಬ್ಬರು, ಅಂಧೇರಿಯ ಸ್ಟುಡಿಯೋಗಳಲ್ಲಿ ಜಾಹೀರಾತುಗಳಿಗೆ ಕನ್ನಡ ದನಿ ಕೊಡುವ ಧಾರವಾಡದ ತರುಣಿ, ಬ್ಯಾಂಕಿನಿಂದ ನಿವೃತ್ತರಾದ ಮಹಿಳೆ, ಹೈಕೋರ್ಟಿನಲ್ಲಿ ವಕೀಲಿ ಮಾಡುವ ಒಬ್ಬರು. ಚಿತ್ರವನ್ನು ಆರಿಸಿದ್ದು ತರುಣಿ. ಆರಿಸಲು ಕಾರಣ ದೀಪಿಕಾ ಪಡುಕೋಣೆ.

ಕಥೆ ಬಹಳ ಮಂದಿಗೆ ಗೊತ್ತಿರುವುದರಿಂದ ಬೇಕಾದಷ್ಟನ್ನೇ ಹೇಳುತ್ತೇನೆ. ಕಾಲ 1977. ಓಂ ಪ್ರಕಾಶ್ ಮಖೀಜಾ (ಶಾರುಖ್ ಖಾನ್) ಒಬ್ಬ ಜೂನಿಯರ್ ಆರ್ಟಿಸ್ಟ್, ಅಂದರೆ ಹಿಂದೆ ಎಕ್ಸ್‌ಟ್ರಾ ಎಂದು ಕರೆಯುತ್ತಿದ್ದ ಗುಂಪಿನವನು. ತಾಯಿ ಬೇಲಾಳದೂ (ಕಿರಣ್ ಖೇರ್) ಅದೇ ಕಸುಬು. ಅವನಿಗೆ ತಾರೆ ಶಾಂತಿಪ್ರಿಯಾಳ (ದೀಪಿಕಾ) ಮೇಲೆ ಪ್ರೀತಿ. ಶಾಂತಿ ಗುಟ್ಟಾಗಿ ನಿರ್ಮಾಪಕ ಮುಕೇಶ್ ಮೆಹ್ರಾನನ್ನು (ಅರ್ಜುನ್ ರಾಂಪಾಲ್) ಮದುವೆಯಾದವಳು. ಮದುವೆಯ ಸುದ್ದಿ ಹೊರಬಿದ್ದರೆ ತನ್ನ ಹಣದ ಲೆಕ್ಕಾಚಾರವೆಲ್ಲ ಕೆಡುತ್ತದೆಂದು ಮುಕೇಶ್ ಸೆಟ್ಟಿಗೆ ಬೆಂಕಿಯಿಟ್ಟು ಅವಳನ್ನು ಅದರೊಳಗೇ ಬಿಟ್ಟು ಹೋಗುತ್ತಾನೆ. ಉಳಿಸಲು ಹೋದ ಓಂ ಸುಟ್ಟ ಗಾಯಗಳೊಂದಿಗೆ ರಸ್ತೆಗೆ ಬಂದು, ಹೆರಿಗೆಗೆಂದು ಹೆಂಡತಿಯನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಸ್ಟಾರ್ ರಾಜೇಶ್ ಕಪೂರ್‌ನ ಕಾರಿಗೆ ಸಿಕ್ಕಿ ಸಾಯುತ್ತಾನೆ. ಸತ್ತವನು ಆ ಸ್ಟಾರ್‌ನ ಮಗನಾಗಿಯೇ ಹುಟ್ಟುತ್ತಾನೆ. ಮೂವತ್ತು ವರ್ಷಗಳ ನಂತರ ಅವನೇ ಓಂ ಕಪೂರ್, ಎಲ್ಲರ ಕಣ್ಮಣಿ ‘ಓಕೆ’.

ಚಿತ್ರದ ಅತ್ಯಂತ ಚೂಪಾದ ವಿಡಂಬನೆ ಈ ಕಥೆಯ ಹಂದರದಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಮಖೀಜಾ ಎಂಬ ಅಡ್ಡಹೆಸರಿಟ್ಟುಕೊಂಡು ಯಾರೂ ಹೀರೋ ಆಗಲಾರರು ಎಂದು ಗೆಳೆಯ ಪಪ್ಪು (ಶ್ರೇಯಸ್ ತಲ್ಪಡೆ) ಮೊದಲೇ ಹೇಳಿರುತ್ತಾನೆ. ಒಂದು ಜನ್ಮದ ದುಡಿಮೆಯಿಂದ ಸಿಗದ ಅವಕಾಶ ಮರುಜನ್ಮದಲ್ಲಿ ಬರಿಯ ಅಡ್ಡಹೆಸರಿನಿಂದ ಸಿಗುತ್ತದೆ. ಈ ಉದ್ಯಮದಲ್ಲಿ ಮೇಲೇರಲು ಪ್ರತಿಭೆ ಸಾಲದು, ಸರಿಯಾದ ಮನೆಯಲ್ಲಿ ಇನ್ನೊಮ್ಮೆ ಹುಟ್ಟಬೇಕು. ಪುನರ್ಜನ್ಮದ ಕಥೆಗಳು ಹಿಂದಿ ಚಿತ್ರಗಳಿಗೆ ಹೊಸವೇನಲ್ಲ. ‘ಮಧುಮತಿ’ (1958), ‘ಕರ್ಜ್’ (1980) ಎರಡರ ಋಣವನ್ನೂ ಈ ಚಿತ್ರ ಮುಚ್ಚಿಟ್ಟಿಲ್ಲ. ಆದರೆ ಪುನರ್ಜನ್ಮವನ್ನು ವಂಶಪಾರಂಪರ್ಯದ ಟೀಕೆಯಾಗಿ ತಿರುಗಿಸಿದ್ದು ಇದರ ಜಾಣ್ಮೆ. ಇದು ತೆರೆ ಕಂಡ ದಿನವೇ ಎದುರಾಳಿಯಾಗಿ ಬಂದ ಸಂಜಯ್ ಲೀಲಾ ಬನ್ಸಾಲಿಯವರ ‘ಸಾವರಿಯಾ’ದಲ್ಲಿ ರಿಷಿ ಕಪೂರ್ ಅವರ ಮಗ ರಣಬೀರ್, ಅನಿಲ್ ಕಪೂರ್ ಅವರ ಮಗಳು ಸೋನಂ ಪರಿಚಯಗೊಂಡರು. ಇಂಥ ಕಾಕತಾಳೀಯವನ್ನು ಯಾವ ಲೇಖಕನೂ ಬರೆಯಲು ಧೈರ್ಯ ಮಾಡುತ್ತಿರಲಿಲ್ಲ.

ನಿರ್ದೇಶಕಿಯ ಹಿನ್ನೆಲೆಯನ್ನೂ ಇಲ್ಲಿ ಗಮನಿಸಬೇಕು. ಫರಾ ಖಾನ್ ಅವರ ತಂದೆ ಕಮ್ರಾನ್ ಖಾನ್ ಕಡಿಮೆ ವೆಚ್ಚದ ಸಾಹಸ ಚಿತ್ರಗಳನ್ನು ತೆಗೆಯುತ್ತಿದ್ದವರು, ಉದ್ಯಮದಲ್ಲಿ ಹಣ ಕಳೆದುಕೊಂಡು ಸೋತವರು. ಮಗಳು ನೃತ್ಯ ನಿರ್ದೇಶಕಿಯಾಗಿ, ಅಂದರೆ ನೂರಾರು ಹಿನ್ನೆಲೆ ನರ್ತಕರ ನಡುವೆ ನಿಂತು ಕೆಲಸ ಮಾಡುತ್ತ, ಮೇಲೆ ಬಂದರು. ಹಾಗಾಗಿ ಚಿತ್ರದ ಆರಂಭದಲ್ಲಿ ‘ಕರ್ಜ್’ನ ಹಾಡಿನ ಚಿತ್ರೀಕರಣದ ಗುಂಪಿನಲ್ಲಿ ಓಂ ನಿಂತು ತಾನೇ ವೇದಿಕೆಯ ಮೇಲಿದ್ದಂತೆ ಕನಸು ಕಾಣುವಾಗ, ಅವನ ಪಕ್ಕದಲ್ಲಿ ಜಗಳಕ್ಕೆ ನಿಂತ ಎಕ್ಸ್‌ಟ್ರಾ ಆಗಿ ಸ್ವತಃ ಫರಾ ಖಾನ್ ಕಾಣಿಸಿಕೊಳ್ಳುವುದು ಬರಿಯ ತಮಾಷೆಯಲ್ಲ. ಕೊನೆಯ ಹೆಸರುಪಟ್ಟಿಯಲ್ಲಿ ಅವರು ಲೈಟ್‌ಮ್ಯಾನ್, ಸ್ಪಾಟ್ ಬಾಯ್‌ಗಳಿಂದ ಹಿಡಿದು ಎಲ್ಲರನ್ನೂ ಕೆಂಪು ಹಾಸಿನ ಮೇಲೆ ನಡೆಸಿ, ತಾವು ಮಾತ್ರ ಎಲ್ಲ ಮುಗಿದ ಮೇಲೆ ಆಟೋರಿಕ್ಷಾದಲ್ಲಿ ಬಂದು ಇಳಿಯುತ್ತಾರೆ.

ಆ ಹೆಸರುಪಟ್ಟಿ ಬಂದಾಗ ಹೋಟೆಲಿನ ಹಿರಿಯರು ಎದ್ದು ಕುಳಿತು, ಒಬ್ಬೊಬ್ಬರ ಮುಖವನ್ನೂ ನೋಡಿದರು. ದಾದರಿನ ಶ್ರೀ ಸೌಂಡ್, ರೂಪ್‌ತಾರಾ ಸ್ಟುಡಿಯೋಗಳು ಮಾಟುಂಗದಿಂದ ಹೆಚ್ಚು ದೂರದವಲ್ಲ. ಹುಡುಗನಾಗಿದ್ದಾಗ ಅವರು ಆ ಕಡೆ ಇಡ್ಲಿ, ಕಾಫಿ ಹೊತ್ತುಕೊಂಡು ಹೋಗುತ್ತಿದ್ದರಂತೆ. ಗೇಟಿನ ಹೊರಗೆ ಬೆಳಗ್ಗೆಯಿಂದ ಮೇಕಪ್ ಬಳಿದುಕೊಂಡು ಕಾಯುವ ಎಕ್ಸ್‌ಟ್ರಾಗಳು ಎರಡು ಇಡ್ಲಿಯನ್ನು ಇಬ್ಬರು ಹಂಚಿಕೊಂಡು ತಿಂದು, ಲೆಕ್ಕ ಬರೆಸಿ, ಕೂಲಿ ಸಿಕ್ಕ ದಿನ ಕೊಡುತ್ತಿದ್ದರು. ಆ ಕೂಲಿಯೂ ಎಕ್ಸ್‌ಟ್ರಾಗಳನ್ನು ಒದಗಿಸುವ ಸಪ್ಲೈಯರ್‌ನ ಪಾಲು ಕಳೆದೇ ಕೈಗೆ ಬರುತ್ತಿತ್ತು. ಮೈಗೆ ಬಳಿದ ಬಣ್ಣ ಇಡ್ಲಿಗೆ ತಾಗದಂತೆ ಬೆರಳ ತುದಿಯಲ್ಲಿ ಹಿಡಿದು ತಿನ್ನುವ ಅವರ ರೀತಿಯನ್ನು ಹಿರಿಯರು ಕೈಯಲ್ಲಿ ಮಾಡಿ ತೋರಿಸಿದರು. ಓಂ ಮಖೀಜಾನ ಬದುಕನ್ನು ಚಿತ್ರ ಎಷ್ಟು ಸಿಹಿ ಮಾಡಿದೆ ಎಂಬುದಕ್ಕೆ ಇದೊಂದು ಅಳತೆ.

ಒಪ್ಪಿಗೆ ಪಡೆದ ಗೇಲಿ

ಎರಡು ವಿವಾದಾಸ್ಪದ ದೃಶ್ಯಗಳಿಗೆ ಹೋಗುವ ಮೊದಲು ಚಿತ್ರದಲ್ಲಿ ಯಥೇಚ್ಛವಾಗಿರುವ ಇನ್ನೊಂದು ಬಗೆಯ ಗೇಲಿಯನ್ನು ಹೇಳಬೇಕು. ಎರಡನೆಯ ಅರ್ಧದ ಫಿಲ್ಮ್‌ಫೇರ್ ಪ್ರಶಸ್ತಿ ಸಮಾರಂಭದಲ್ಲಿ ಅಕ್ಷಯ್ ಕುಮಾರ್, ಅಭಿಷೇಕ್ ಬಚ್ಚನ್ ತಮ್ಮ ತಮ್ಮ ಇಮೇಜಿನ ಅಣಕವನ್ನು ತಾವೇ ಆಡುತ್ತಾರೆ. ಓಂ ಕಪೂರ್‌ಗೆ ಬಂದ ಎರಡು ನಾಮನಿರ್ದೇಶನಗಳಲ್ಲಿ ಹೆಸರು ಬೇರೆ, ದೃಶ್ಯವೂ ಮಾತೂ ಒಂದೇ, ಅಂದರೆ ಶಾರುಖ್ ತಮ್ಮನ್ನೇ ಹಾಸ್ಯಕ್ಕೆ ಒಡ್ಡಿಕೊಳ್ಳುತ್ತಾರೆ. ಕೈಕಾಲು ಕಳೆದುಕೊಂಡ ನಾಯಕನ ಪಾತ್ರ ಮಾಡುತ್ತಿರುವಾಗ ಓಂ ಕಪೂರ್‌ಗೆ ಒಂದು ಹಾಡು ಬೇಕೆನಿಸಿದರೆ, ಅದು ಕನಸಿನ ಹಾಡು ಎಂದು ತೀರ್ಮಾನವಾಗಿ ‘ದರ್ದ್-ಎ-ಡಿಸ್ಕೋ’ ಶುರುವಾಗುತ್ತದೆ. ‘ದೀವಾನ್ಗಿ’ ಹಾಡಿನಲ್ಲಿ 31 ತಾರೆಯರು ಬಂದು ಹೋಗುತ್ತಾರೆ. ಇವರೆಲ್ಲರೂ ಕರೆದಾಗ ಬಂದವರು, ಹೇಗೆ ಕಾಣಿಸುತ್ತೇವೆಂದು ತಿಳಿದೇ ಕ್ಯಾಮೆರಾದ ಮುಂದೆ ನಿಂತವರು. ಇದು ಗೇಲಿಯ ವೇಷದಲ್ಲಿರುವ ಗೌರವ. ‘ನನ್ನನ್ನೇ ನಾನು ನಗೆಪಾಟಲು ಮಾಡಿಕೊಳ್ಳುವಷ್ಟು ದೊಡ್ಡವನು ನಾನು’ ಎಂಬ ಘೋಷಣೆ ಅದರಲ್ಲಿರುತ್ತದೆ. ಉದ್ಯಮ ತನ್ನನ್ನು ತಾನು ವಿಡಂಬಿಸಿಕೊಂಡಿತೆಂದು ನಾವು ಹೇಳುವಾಗ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಈ ಬಗೆಯದೇ. ನೋಡಲು ಬಹಳ ಖುಷಿ. ಅಧ್ಯಯನಕ್ಕೆ ಇದರಲ್ಲಿ ಹೆಚ್ಚೇನೂ ಇಲ್ಲ.

ಮನೋಜ್ ಕುಮಾರ್ ಪ್ರಸಂಗ

1977ರ ಭಾಗದಲ್ಲಿ ಶಾಂತಿಪ್ರಿಯಾಳ ‘ಡ್ರೀಮಿ ಗರ್ಲ್’ ಚಿತ್ರದ ಪ್ರೀಮಿಯರ್ ನಡೆಯುತ್ತದೆ. ಒಳಗೆ ಹೋಗಲು ಓಂ ಮತ್ತು ಪಪ್ಪು ಮನೋಜ್ ಕುಮಾರ್ ಅವರ ಪಾಸನ್ನು ಕದಿಯುತ್ತಾರೆ. ಅಂಗೈಯಿಂದ ಮುಖವನ್ನು ಮುಚ್ಚಿಕೊಳ್ಳುವುದು ಮನೋಜ್ ಅವರ ನಟನೆಯ ಹೆಸರಾಂತ ಭಂಗಿ. ತೆರೆಯ ಮೇಲಿನ ಮನೋಜ್, ಅಂದರೆ ಅವರನ್ನು ಹೋಲುವ ನಟ, ಬಾಗಿಲಿಗೆ ಬಂದಾಗಲೂ ಕೈ ಮುಖದ ಮೇಲೇ ಇರುವುದರಿಂದ ಪೊಲೀಸರಿಗೆ ಗುರುತು ಸಿಗದೆ ಲಾಠಿಯೇಟು ಬೀಳುತ್ತದೆ. ಕೆಲವೇ ಕ್ಷಣಗಳ ದೃಶ್ಯ. ಮೇಲ್ನೋಟಕ್ಕೆ ಅದೊಂದು ಚೆಂದದ ತಮಾಷೆ: ಯಾವ ಭಂಗಿಯಿಂದ ಇಡೀ ದೇಶ ಒಬ್ಬನನ್ನು ಗುರುತಿಸುತ್ತದೋ ಅದೇ ಭಂಗಿಯಿಂದ ಅವನ ಗುರುತು ಸಿಗದೆ ಹೋಗುತ್ತದೆ.

ಮನೋಜ್ ಕುಮಾರ್ ಅವರಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ‘ಉಪಕಾರ್’ (1967) ನಿರ್ದೇಶಿಸಿ ‘ಭಾರತ್’ ಎಂಬ ಪಾತ್ರದ ಹೆಸರಿನಿಂದಲೇ ಮನೆಮಾತಾದವರು, 1992ರಲ್ಲಿ ಪದ್ಮಶ್ರೀ ಪಡೆದವರು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಪೊಲೀಸರ ಲಾಠಿಯ ಮುಂದೆ ತಮ್ಮನ್ನು ಕಂಡರು. ಅವರು ನೋವು ತೋಡಿಕೊಂಡ ಮೇಲೆ ಶಾರುಖ್ ಮತ್ತು ಫರಾ ಬಹಿರಂಗವಾಗಿ ಕ್ಷಮೆ ಕೇಳಿದರು. ವಿಷಯ ಅಲ್ಲಿಗೆ ನಿಲ್ಲಲಿಲ್ಲ. 2008ರಲ್ಲಿ ಚಿತ್ರ ಟಿವಿಯಲ್ಲಿ ಪ್ರಸಾರವಾಗಲಿದ್ದಾಗ ಅವರು ಮುಂಬೈಯಲ್ಲಿ ನ್ಯಾಯಾಲಯಕ್ಕೆ ಹೋದರು. ಆ ದೃಶ್ಯಗಳನ್ನು ತೆಗೆದೇ ಪ್ರಸಾರ ಮಾಡಬೇಕೆಂಬ ಆದೇಶ ಬಂತು. 2013ರಲ್ಲಿ ಚಿತ್ರ ಜಪಾನಿನಲ್ಲಿ ಆ ದೃಶ್ಯಗಳ ಸಮೇತ ಬಿಡುಗಡೆಯಾದಾಗ ಅವರು 100 ಕೋಟಿ ರೂಪಾಯಿ ಪರಿಹಾರ ಕೋರಿ ಮತ್ತೆ ದಾವೆ ಹೂಡಿದರು. 2015ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 2025ರ ಏಪ್ರಿಲ್ 4ರಂದು ಅವರು ತೀರಿಕೊಂಡರು.

ಕ್ಷಮೆ ಕೇಳಿದ ಮೇಲೂ ಇಷ್ಟು ದೂರ ಹೋಗಬೇಕಿತ್ತೇ ಎಂದು ಕೂಟದಲ್ಲಿ ಒಬ್ಬರು ಕೇಳಿದರು. ಹೋಗಬೇಕಿತ್ತೆಂದು ನನಗನ್ನಿಸುತ್ತದೆ, ಏಕೆಂದರೆ ಇಲ್ಲಿ ಒಪ್ಪಿಗೆ ಕೇಳುವ ಅವಕಾಶವಿತ್ತು. ಮುಂಬೈಯಲ್ಲೇ ಇದ್ದ, ಅದೇ ಉದ್ಯಮದ ಹಿರಿಯರನ್ನು ಸಂಪರ್ಕಿಸುವುದು ಕಷ್ಟವಿರಲಿಲ್ಲ. 31 ತಾರೆಯರನ್ನು ಒಂದು ಹಾಡಿಗೆ ಸೇರಿಸಿದವರಿಗೆ ಇದು ದೊಡ್ಡ ಕೆಲಸವೂ ಅಲ್ಲ. ಅಕ್ಷಯ್ ಕುಮಾರ್‌ಗೆ ತಮ್ಮ ಅಣಕವನ್ನು ತಾವೇ ಆಡುವ ಅವಕಾಶ ಸಿಕ್ಕಿತು. ಮನೋಜ್ ಕುಮಾರ್‌ಗೆ ಸಿಕ್ಕಿದ್ದು ಅವರನ್ನು ಹೋಲುವ ಇನ್ನೊಬ್ಬ.

ಹುಲಿಯ ಪ್ರಸಂಗ

ಶಾಂತಿಪ್ರಿಯಾಳ ಮೆಚ್ಚುಗೆ ಗಳಿಸಲು ಓಂ ಒಂದು ಸುಳ್ಳು ಹೇಳುತ್ತಾನೆ: ತಾನು ದಕ್ಷಿಣದ ಚಿತ್ರಗಳ ದೊಡ್ಡ ಹೀರೋ. ಅದನ್ನು ನಂಬಿಸಲು ಪಪ್ಪುವನ್ನು ನಿರ್ದೇಶಕನನ್ನಾಗಿ ಮಾಡಿ ಒಂದು ಸುಳ್ಳು ಚಿತ್ರೀಕರಣವನ್ನೇ ಏರ್ಪಡಿಸುತ್ತಾನೆ. ಹುಲ್ಲು ತುಂಬಿದ ಹುಲಿಯೊಂದಿಗೆ ಕುಸ್ತಿಯಾಡುತ್ತಾನೆ. ‘ಯೆನ್ನಾ ರಾಸ್ಕಲಾ’, ‘ಮೈಂಡ್ ಇಟ್’ ಎಂಬ ಮಾತುಗಳು ಹಾರುತ್ತವೆ. 1990ರ ದಶಕದಲ್ಲಿ ಒಂದು ಸಂಗೀತ ವಾಹಿನಿಗಾಗಿ ಹುಟ್ಟಿದ, ದಕ್ಷಿಣ ಭಾರತದ ಸಸ್ಯಾಹಾರಿ ಕೌಬಾಯ್ ಕ್ವಿಕ್ ಗನ್ ಮುರುಗನ್‌ನ ನೆನಪು ಈ ದೃಶ್ಯದಲ್ಲಿ ದಟ್ಟವಾಗಿದೆ.

ಹಜಾರದ ಟಿವಿಯಲ್ಲಿ ಈ ದೃಶ್ಯ ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಹೋಟೆಲಿನ ಹಿರಿಯರು. ತರುಣಿ ನಗಲಿಲ್ಲ. ಚಿತ್ರ ಮುಗಿದ ಮೇಲೆ ಅವಳು ಮೊದಲು ಕೇಳಿದ್ದೂ ಇದನ್ನೇ.

“ಮಾಮಾ, ನಿಮಗ ಸಿಟ್ಟು ಬರಲಿಲ್ಲೇನು? ನಮ್ಮನ್ನ ನೋಡಿ ನಗಲಿಕ್ಕೆ ಹತ್ಯಾರ.”

“ನಮ್ಮನ್ನು ಎಲ್ಲಿ ಮಗಾ? ನಾನು ನಗಾಡಿದ್ದು ಆ ಹುಲಿಗೆ.”

ಬ್ಯಾಂಕಿನ ಮಹಿಳೆ ನಡುವೆ ಬಂದು, ‘ಯೆನ್ನಾ’ ಎಂದರೆ ತಮಿಳು, ಅದು ತಮಿಳರನ್ನು ಕುರಿತದ್ದು, ಕನ್ನಡಿಗರಿಗೆ ಅದರಿಂದ ಏನಾಗಬೇಕು ಎಂದರು. ಇದು ಸುಲಭದ ದಾರಿ, ಮುಂಬೈಯಲ್ಲಿ ನಡೆಯದ ದಾರಿ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಅದರ ಮುಖವಾಣಿಯಾಗಿದ್ದ ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಯನ್ನು ಅಚ್ಚು ಮಾಡುತ್ತಿತ್ತು. ‘ಬಜಾವೋ ಪುಂಗಿ, ಹಟಾವೋ ಲುಂಗಿ’ ಎಂಬ ಘೋಷಣೆ ಕೂಗಿ ಬಂದವರಿಗೆ ಹೋಟೆಲಿನವನು ಉಡುಪಿಯವನೋ, ಪಾಲಕ್ಕಾಡಿನವನೋ, ತಿರುನೆಲ್ವೇಲಿಯವನೋ ಎಂದು ವಿಚಾರಿಸುವ ತಾಳ್ಮೆಯಿರಲಿಲ್ಲ. ದಕ್ಷಿಣದವರ ಮಾತಿಗೆ ‘ಯಂಡುಗುಂಡು’ ಎಂಬ ಒಂದೇ ಹೆಸರಿತ್ತು. ಆ ದಿನಗಳಲ್ಲಿ ಹಿರಿಯರು ಕೆಲಸ ಮಾಡುತ್ತಿದ್ದ ಹೋಟೆಲಿನ ಮಾಲೀಕರು ಮುಂದಿನ ಗಾಜಿನ ಕಪಾಟನ್ನು ರಾತ್ರಿ ಒಳಗೆ ಎಳೆದಿಟ್ಟು, ಬೋರ್ಡಿನಲ್ಲಿ ಮರಾಠಿ ಅಕ್ಷರಗಳನ್ನು ದೊಡ್ಡದಾಗಿ ಬರೆಸಿದ್ದರಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಪಾಟು ಎಷ್ಟು ಭಾರವಿತ್ತು ಎಂಬುದರ ಮೇಲೆಯೇ ಅವರಿಗೆ ಹೆಚ್ಚು ಮಾತಿತ್ತು.

ಹಾಗಿದ್ದೂ ಅವರು ನಕ್ಕದ್ದೇಕೆ? ಅವರು ಕೊಟ್ಟ ವಿವರಣೆ ಈ ಪ್ರಕರಣದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿತು. ಓಂ ಈ ಸುಳ್ಳನ್ನೇ ಏಕೆ ಆರಿಸಿದ ಎಂದು ಅವರು ಕೇಳಿದರು. ಬೊಂಬಾಯಿಯ ಹೀರೋ ಎಂದಿದ್ದರೆ ಅವಳು ಆ ಕ್ಷಣವೇ ಹಿಡಿಯುತ್ತಿದ್ದಳು. ದಕ್ಷಿಣದ ಹೀರೋ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. “ನಮ್ಮ ಕಡೆಯ ಒಬ್ಬ ಹೀರೋನ ಮುಖವೂ ಇವರಿಗೆ ಗೊತ್ತಿಲ್ಲ ಅಂತ ಇವರೇ ಒಪ್ಪಿಕೊಂಡ ಹಾಗಾಯ್ತಲ್ಲ ಮಾರಾಯ್ರೇ. ಮತ್ತೆ ನಾವ್ಯಾಕೆ ನಾಚಿಕೊಳ್ಳುವುದು?”

ವಾದದಲ್ಲಿ ತೂಕವಿದೆ. ಕಥೆ ನಡೆಯುವ 1977ರಲ್ಲಿಯೇ ಡಾ. ರಾಜ್‌ಕುಮಾರ್ ಅವರ ‘ಬಭ್ರುವಾಹನ’ವೂ, ಬಿಸ್ಮಿಲ್ಲಾ ಖಾನರ ಶಹನಾಯಿಯಿದ್ದ ‘ಸನಾದಿ ಅಪ್ಪಣ್ಣ’ವೂ ತೆರೆ ಕಂಡವು. ಅದೇ ವರ್ಷದ ಅತ್ಯುತ್ತಮ ಕಥಾಚಿತ್ರಕ್ಕೆ ಕೊಡುವ ಸ್ವರ್ಣಕಮಲ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಸಂದಿತು, ಕಾಸರವಳ್ಳಿ ಓದಿದ್ದಾದರೂ ಮುಂಬೈಯಿಂದ ಕೆಲವೇ ಗಂಟೆಗಳ ದಾರಿಯ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ, ಅದಕ್ಕೆ ಕೆಲ ವರ್ಷ ಮುಂಚೆ ಆ ಸಂಸ್ಥೆಯ ನಿರ್ದೇಶಕರಾಗಿದ್ದವರೂ ಕನ್ನಡದ ಗಿರೀಶ ಕಾರ್ನಾಡರು. ಇಷ್ಟೆಲ್ಲ ಪಕ್ಕದಲ್ಲೇ ಇರುವಾಗ ದಕ್ಷಿಣವೆಂದರೆ ತುಂಬಿಸಿದ ಹುಲಿ ಎಂದುಕೊಳ್ಳುವ ನಗರದ ಅಜ್ಞಾನ ಹಾಸ್ಯಕ್ಕೆ ಯೋಗ್ಯ ವಸ್ತುವೇ. ಆದರೆ ಚಿತ್ರ ಆ ಅಜ್ಞಾನದ ಮೇಲೆ ಬೆಳಕು ಬೀರುತ್ತದೆಯೇ, ಅದನ್ನೇ ಬಂಡವಾಳ ಮಾಡಿಕೊಳ್ಳುತ್ತದೆಯೇ? ದೃಶ್ಯವನ್ನು ಮತ್ತೆ ಹಾಕಿ ನೋಡಿದೆವು. ನಗೆಯ ಭಾರವೆಲ್ಲ ಉಚ್ಚಾರಣೆಯ ಮೇಲೆ, ಉಡುಪಿನ ಮೇಲೆ, ಹುಲಿಯ ಮೇಲೆ ಬೀಳುತ್ತದೆ. ನಂಬಿ ನೋಡುತ್ತಿರುವವರ ಮೇಲೆ ಬೀಳುವುದಿಲ್ಲ. ಹಿರಿಯರು ಕಂಡ ವಿಡಂಬನೆ ಕಥೆಯ ತರ್ಕದಲ್ಲಿದೆ, ದೃಶ್ಯದ ನಿರ್ವಹಣೆಯಲ್ಲಿ ಇಲ್ಲ. ಅವರು ಚಿತ್ರಕ್ಕಿಂತ ಜಾಣ ಪ್ರೇಕ್ಷಕರು ಎಂದು ಹೇಳಿದರೆ ತಪ್ಪಾಗದು.

ತರುಣಿಯ ಆಕ್ಷೇಪಣೆಗೆ ಅವಳ ಕಸುಬಿನ ಆಧಾರವಿತ್ತು. ಹಿಂದಿ ಜಾಹೀರಾತುಗಳಲ್ಲಿ ಅಂಗಡಿಯವನೋ, ಗಣಿತದ ಮೇಷ್ಟರೋ, ಕಂಪ್ಯೂಟರಿನವನೋ ಇದ್ದರೆ ‘ಥೋಡಾ ಸೌತ್ ಇಂಡಿಯನ್ ಟಚ್’ ಎಂದು ಸ್ಕ್ರಿಪ್ಟಿನ ಅಂಚಿನಲ್ಲಿ ಬರೆದಿರುತ್ತಾರೆ. ಅವಳು ಮೊಬೈಲಿನಲ್ಲಿ ಅಂಥ ಒಂದು ಹಾಳೆಯ ಚಿತ್ರವನ್ನು ತೋರಿಸಿದಳು. ಧಾರವಾಡದಲ್ಲಿ ಹಿಂದಿ, ಮರಾಠಿ ಕೇಳುತ್ತಲೇ ಬೆಳೆದ ಅವಳು ನಿಜವಾಗಿ ಮಾತಾಡುವ ಹಿಂದಿಯಲ್ಲಿ ಆ ‘ಟಚ್’ ಇಲ್ಲವೇ ಇಲ್ಲ, ಕಲಿತು ಮಾಡಬೇಕಾಗುತ್ತದೆ. ಕಲಿಯಲು ಇರುವ ಮಾದರಿ ಯಾವುದೆಂದರೆ ಇದೇ ‘ಮೈಂಡ್ ಇಟ್’. ನಿಜವಾದ ದಕ್ಷಿಣದವಳು ಸುಳ್ಳು ದಕ್ಷಿಣದವನನ್ನು ಅನುಕರಿಸಿ ಕೂಲಿ ಪಡೆಯಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯನ್ನೂ ಅವಳೇ ಎತ್ತಿದಳು. ದೀಪಿಕಾ ಬೆಂಗಳೂರಿನಲ್ಲಿ ಬೆಳೆದವರು, ಬ್ಯಾಡ್ಮಿಂಟನ್ ತಾರೆ ಪ್ರಕಾಶ್ ಪಡುಕೋಣೆಯವರ ಮಗಳು. ಹಿಂದಿಗೆ ಬರುವ ಮೊದಲು, 2006ರಲ್ಲಿ, ಇಂದ್ರಜಿತ್ ಲಂಕೇಶರ ಕನ್ನಡ ಚಿತ್ರ ‘ಐಶ್ವರ್ಯ’ದಲ್ಲಿ ಉಪೇಂದ್ರ ಅವರೊಂದಿಗೆ ನಟಿಸಿದ್ದರು. ‘ಓಂ ಶಾಂತಿ ಓಂ’ನಲ್ಲಿ ನಾವು ಕೇಳುವುದು ಅವರ ದನಿಯಲ್ಲ, ಡಬ್ಬಿಂಗ್ ಕಲಾವಿದೆ ಮೋನಾ ಘೋಷ್ ಶೆಟ್ಟಿಯವರದು. ಅಂದರೆ ಹುಲಿಯ ದೃಶ್ಯದಲ್ಲಿ ಉತ್ತರದ ನಟನೊಬ್ಬ ದಕ್ಷಿಣದ ದನಿಯನ್ನು ಹಾಕಿಕೊಂಡು ಕುಣಿಯುತ್ತಾನೆ, ಚಿತ್ರದಲ್ಲಿರುವ ದಕ್ಷಿಣದ ನಟಿಗೆ ಮಾತ್ರ ತನ್ನ ದನಿಯಿಲ್ಲ. ಹೊಸ ನಟಿಯರಿಗೆ ಡಬ್ಬಿಂಗ್ ಮಾಡಿಸುವುದು ಅಂದಿನ ವಾಡಿಕೆ ಎಂದು ವಕೀಲರು ನೆನಪಿಸಿದರು. ಅದು ಸರಿಯೇ. ಚಿತ್ರೋದ್ಯಮದ ಎಲ್ಲ ಕೃತಕತೆಗಳನ್ನೂ ಒಂದಾದ ಮೇಲೊಂದು ಬಯಲಿಗೆಳೆಯುವ ಚಿತ್ರ ಈ ಒಂದರ ಬಗ್ಗೆ ಮಾತ್ರ ಸುಮ್ಮನಿದೆ ಎಂಬುದೂ ಸರಿಯೇ.

ಕಾನೂನು ಏನು ನೋಡುತ್ತದೆ

ಎರಡು ದೃಶ್ಯಗಳ ಹಣೆಬರಹ ಬೇರೆಯಾದದ್ದಕ್ಕೆ ವಕೀಲರ ಉತ್ತರ ಚುಟುಕಾಗಿತ್ತು: ಮನೋಜ್ ಕುಮಾರ್ ಒಬ್ಬರು, ‘ಮದ್ರಾಸಿ’ ಯಾರೂ ಅಲ್ಲ. ಅವರ ದಾವೆ ಸಿವಿಲ್ ಸ್ವರೂಪದ್ದಾದರೂ, ಇದನ್ನು ಅರಿಯಲು ಮಾನನಷ್ಟದ ಕ್ರಿಮಿನಲ್ ಕಾನೂನನ್ನು ನೋಡುವುದು ಸುಲಭ. ಭಾರತೀಯ ದಂಡ ಸಂಹಿತೆಯ 499ನೇ ಕಲಮು (2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು) ವ್ಯಕ್ತಿಯನ್ನಷ್ಟೇ ಅಲ್ಲದೆ ವ್ಯಕ್ತಿಗಳ ಸಮೂಹವನ್ನೂ ಮಾನನಷ್ಟದ ವ್ಯಾಪ್ತಿಗೆ ತರುತ್ತದೆ. ಆದರೆ ಆ ಸಮೂಹ ಗೊತ್ತುಪಡಿಸಬಹುದಾದ, ನಿಶ್ಚಿತವಾದ ಗುಂಪಾಗಿರಬೇಕೆಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ನಟಿ ಖುಷ್ಬೂ ಅವರ ಒಂದು ಹೇಳಿಕೆಯಿಂದ ತಮಿಳು ಮಹಿಳೆಯರ ಮಾನ ಹೋಯಿತೆಂದು ಹೂಡಿದ್ದ ಹಲವಾರು ದೂರುಗಳನ್ನು 2010ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ದೂರುದಾರರನ್ನು ನೇರವಾಗಿ ಗುರಿಯಾಗಿಸಿ ಆಡಿದ ಮಾತು ಅದರಲ್ಲಿರಲಿಲ್ಲ. ಆಗಿನ ನಾಲ್ಕು ರಾಜ್ಯ, ನಾಲ್ಕು ಭಾಷೆ, ನಾಲ್ಕು ಚಿತ್ರೋದ್ಯಮಗಳನ್ನು ಕಲಸಿ ಮಾಡಿದ ‘ಮದ್ರಾಸಿ’ಗಿಂತ ಅನಿಶ್ಚಿತವಾದ ಸಮೂಹ ಇನ್ನೊಂದಿರಲಾರದು. ಗೇಲಿ ಎಷ್ಟು ಮಸುಕಾಗಿರುತ್ತದೋ ಅಷ್ಟು ಸುರಕ್ಷಿತ.

ಇದು ಕಾನೂನಿನ ಲೋಪವೆಂದು ನಾನು ವಾದಿಸುವುದಿಲ್ಲ. ಅಸ್ಪಷ್ಟ ಸಮೂಹಗಳಿಗೆಲ್ಲ ದಾವೆ ಹೂಡುವ ಹಕ್ಕು ಕೊಟ್ಟರೆ ಈ ದೇಶದಲ್ಲಿ ಒಂದು ಹಾಸ್ಯಚಿತ್ರವೂ ಬಿಡುಗಡೆಯಾಗದು. ಕನ್ನಡ ಚಿತ್ರಗಳಲ್ಲಿ ಮಾರ್ವಾಡಿ, ಮಲಯಾಳಿ ಪಾತ್ರಗಳನ್ನು ನಾವು ಹೇಗೆ ಆಡಿಸಿದ್ದೇವೆಂಬುದನ್ನು ನೆನೆದರೆ ಮೊದಲು ಕಟಕಟೆ ಹತ್ತಬೇಕಾದವರು ನಾವೇ. ನ್ಯಾಯಾಲಯ ಗಮನಿಸಲಾರದ್ದನ್ನು ಪ್ರೇಕ್ಷಕರು ಗಮನಿಸಬಹುದು ಎಂಬುದಷ್ಟೇ ನನ್ನ ಮಾತು. ಇಲ್ಲಿ ಗಮನಿಸಬೇಕಾದದ್ದು ಓಂ ಮಖೀಜಾನ ಸ್ಥಿತಿಯನ್ನೇ. ಅವನೂ ಹೆಸರಿಲ್ಲದವನು. ಎಷ್ಟು ಚಿತ್ರಗಳಲ್ಲಿ ನಿಂತರೂ ಯಾರ ಕಣ್ಣಿಗೂ ಬೀಳದ ಎಕ್ಸ್‌ಟ್ರಾನ ದುಃಖವನ್ನು ಚಿತ್ರ ಕೊನೆಯ ಹೆಸರುಪಟ್ಟಿಯವರೆಗೆ ಎದೆಗೆ ಹಚ್ಚಿಕೊಂಡಿದೆ. ಆ ಹೆಸರಿಲ್ಲದವನು ಹೆಸರು ಮಾಡಲು ಹಾಕಿಕೊಳ್ಳುವ ವೇಷ ಅವನಷ್ಟೇ ಹೆಸರಿಲ್ಲದ ಇನ್ನೊಬ್ಬನದು. ಚಿತ್ರದ ಅತ್ಯುತ್ತಮ ಅನುಕಂಪ ಮತ್ತು ಅತಿ ಉದಾಸೀನ ಒಂದೇ ದೃಶ್ಯದಲ್ಲಿ ಮುಖಾಮುಖಿಯಾಗುತ್ತವೆ, ಆದರೆ ಒಂದನ್ನೊಂದು ಗುರುತಿಸುವುದಿಲ್ಲ. ಈ ದೃಶ್ಯ ಕೈಜಾರಿದ್ದು ದುರುದ್ದೇಶದಿಂದಲ್ಲ. ದಕ್ಷಿಣದವರು ಯಾರೂ ನೋಡುತ್ತಿಲ್ಲ ಎಂಬ ಭರವಸೆಯಿಂದ.

ಬ್ಯಾಂಕಿನ ಮಹಿಳೆ ಕೊನೆಗೆ ಒಂದು ಸಂಗತಿ ಹೇಳಿದರು. ಈ ಚಿತ್ರವನ್ನು ಅವರು ಹಿಂದೆ ನೋಡಿದ್ದು ಟಿವಿಯಲ್ಲಿ ಮಾತ್ರ. ಮನೋಜ್ ಕುಮಾರ್ ದೃಶ್ಯ ಅದರಲ್ಲಿತ್ತೆಂಬುದೇ ಅವರಿಗೆ ತಿಳಿದಿರಲಿಲ್ಲ. ಓಂ ಪ್ರೀಮಿಯರ್‌ಗೆ ಹೇಗೋ ಒಳಗೆ ಬಂದ, ಕೈಯ ದಾರ ಶಾಂತಿಯ ಉಡುಪಿಗೆ ಸಿಕ್ಕಿಕೊಂಡಿತು ಎಂಬಷ್ಟೇ ನೆನಪು. ಹುಲಿಯ ದೃಶ್ಯ ಮಾತ್ರ ಅವರ ಮೊಮ್ಮಕ್ಕಳಿಗೂ ಬಾಯಿಪಾಠ. ಆ ಮಕ್ಕಳು ಕಾಂದಿವಲಿಯ ಶಾಲೆಯಲ್ಲಿ ತಮ್ಮನ್ನು ಕೆಣಕಿದ ಹುಡುಗರಿಗೆ ಅದೇ ಮಾತನ್ನು ತಿರುಗಿಸಿ ಎಸೆಯುತ್ತಾರಂತೆ.

ಕೂಟದಲ್ಲಿ ಒಮ್ಮತ ಮೂಡಲಿಲ್ಲ. ಹಿರಿಯರು ತಮ್ಮ ನಗೆಯನ್ನು ಹಿಂದಕ್ಕೆ ಪಡೆಯಲು ಒಪ್ಪಲಿಲ್ಲ, ತರುಣಿ ತನ್ನ ಆಕ್ಷೇಪಣೆಯನ್ನು ಬಿಡಲಿಲ್ಲ. ಮುಂದಿನ ತಿಂಗಳು ಸೇರಿದಾಗ ಅವಳು ಒಂದು ವರ್ತಮಾನ ತಂದಿದ್ದಳು. ಸ್ಟುಡಿಯೋದಲ್ಲಿ ಮತ್ತೆ ‘ಸೌತ್ ಟಚ್’ ಬೇಕೆಂದಾಗ, ಪಾತ್ರ ಯಾವ ಊರಿನದೆಂದು ಅವಳು ಕೇಳಿದ್ದಳು. ಗಿರಾಕಿಯ ಕಡೆಯವರು ಊರನ್ನು ಯೋಚಿಸಿರಲಿಲ್ಲ. ತಮ್ಮ ತಮ್ಮಲ್ಲೇ ಚರ್ಚಿಸಿ, ತೀರ್ಮಾನಕ್ಕೆ ಬಾರದೆ, ಸಾದಾ ಹಿಂದಿಯಲ್ಲೇ ಒಂದು, ಟಚ್ ಹಾಕಿ ಒಂದು, ಹೀಗೆ ಎರಡು ಟೇಕ್ ತೆಗೆದುಕೊಂಡು ಹೋದರು. ಯಾವುದು ಪ್ರಸಾರಕ್ಕೆ ಹೋಗುತ್ತದೆಂಬುದು ಇನ್ನೂ ಅವಳಿಗೆ ಗೊತ್ತಾಗಿಲ್ಲ. “ಎರಡು ಟೇಕಿಗೂ ದುಡ್ಡು ಕೊಟ್ಟರಾ?” ಎಂದು ಹಿರಿಯರು ವಿಚಾರಿಸಿದರು.